ವರ್ಡ್ ಟೇಬಲ್‌ಗೆ ಎಕ್ಸೆಲ್‌ನಿಂದ ಲಗಾಮು: ಸಂಘದ ವರದಿ ಮುಗಿಸಿದ ಕಥೆ

ಮೈಸೂರು ರಸ್ತೆ ಕಡೆ ಇರುವ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನು ಜಂಟಿ ಕಾರ್ಯದರ್ಶಿ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಟೈಪಿಂಗ್. ಸರ್ವ ಸದಸ್ಯರ ಸಭೆಗೆ ಮುಂಚೆ ವರದಿ ಪುಸ್ತಕ ತಯಾರಾಗಬೇಕು. 2024-25ರದ್ದು 38 ಪುಟ, ಅದರಲ್ಲಿ 14 ಟೇಬಲ್. ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿದೆ. ಆದರೆ ಪುಸ್ತಕ ವರ್ಡ್‌ನಲ್ಲೇ ಆಗಬೇಕು. ಯಾಕೆಂದರೆ ನಮ್ಮ ಕಾರ್ಯದರ್ಶಿಗಳು ರಿಟೈರ್ ಆದ ಕನ್ನಡ ಮೇಷ್ಟ್ರು. ಮುನ್ನುಡಿಯಿಂದ ವಂದನಾರ್ಪಣೆವರೆಗೆ ಒಂದೊಂದು ಸಾಲನ್ನೂ ತಾವೇ ಕೂತು ತಿದ್ದುತ್ತಾರೆ. ಅವರಿಗೆ ಗೊತ್ತಿರೋದು ವರ್ಡ್ ಒಂದೇ.

ಹೋದ ವರ್ಷ ಎಲ್ಲವನ್ನೂ ಕೈಯಲ್ಲೇ ಮಾಡಿದ್ದೆ. ಎಕ್ಸೆಲ್‌ನಿಂದ ಕಾಪಿ, ವರ್ಡ್‌ಗೆ ಪೇಸ್ಟ್, ಆಮೇಲೆ ಮೌಸ್ ಹಿಡಿದು ಒಂದೊಂದು ಕಾಲಂನ ಗೆರೆ ಎಳೆಯೋದು. ಖಜಾಂಚಿ ಮೇಡಂ ಒಂದು ಅಂಕಿ ಬದಲಾಯಿಸಿದರೆ ಇದೆಲ್ಲ ಮತ್ತೆ ಮೊದಲಿಂದ. ಅವರು ಕೊನೇ ರಾತ್ರಿ 11 ಸಲ ಬದಲಾಯಿಸಿದರು. ಈ ಸಲ ಮೌಸ್ ಮುಟ್ಟಲ್ಲ, ಅಳತೆಯೆಲ್ಲ ಮ್ಯಾಕ್ರೋನೇ (ಎಕ್ಸೆಲ್ ಒಳಗೆ ನಾವೇ ಬರೆದಿಡುವ ಸಣ್ಣ ಪ್ರೋಗ್ರಾಂ) ನೋಡ್ಕೋಬೇಕು ಅಂತ ಹಟ ಹಿಡಿದು ಕೂತೆ. ಆಗಸ್ಟ್ 31ಕ್ಕೆ ಸಭೆ. ಕೆಳಗಿರೋದು ಆ ದಿನಗಳ ಟಿಪ್ಪಣಿ. ಆಜ್ಞೆಗಳ ಹೆಸರನ್ನು ಓದಿಕೊಳ್ಳುವ ಹಾಗೆ ಬರೆದಿದ್ದೇನೆ. ಮ್ಯಾಕ್ರೋ ಬರೆಯುವ ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.

ಸಾಮಾನು

ನನ್ನ ಲ್ಯಾಪ್‌ಟಾಪ್: ವಿಂಡೋಸ್ 11, ಮೈಕ್ರೋಸಾಫ್ಟ್ 365. ಸಂಘದ ಆಫೀಸಿನ ಹಳೇ ಡೆಸ್ಕ್‌ಟಾಪ್: ವಿಂಡೋಸ್ 10, ಆಫೀಸ್ 2010. ಫಾಂಟ್: ನಿರ್ಮಲಾ ಯುಐ, ವಿಂಡೋಸ್ ಜೊತೆಗೇ ಬರುತ್ತದೆ, ದುಡ್ಡಿಲ್ಲ. ಪ್ರೂಫ್‌ಗೆ ಮೂಲೆಯ ಜೆರಾಕ್ಸ್ ಅಂಗಡಿ, ಪುಟಕ್ಕೆ 2 ರೂಪಾಯಿ. ಜೊತೆಗೆ ಮಗಳ ಜಾಮಿಟ್ರಿ ಬಾಕ್ಸಿನ ಸ್ಟೀಲ್ ಸ್ಕೇಲು. ಇಡೀ ಕೆಲಸದಲ್ಲಿ ಒಂದು ಸಲವೂ ಕೈಕೊಡದೇ ಇದ್ದದ್ದು ಅದೊಂದೇ.

ಆಗಸ್ಟ್ 3, ಭಾನುವಾರ

ಹೋದ ವರ್ಷದ ಪುಸ್ತಕ ತೆಗೆದು ಸ್ಕೇಲಿಟ್ಟು ಅಳೆದೆ. ಎ4 ಹಾಳೆ 21 ಸೆಂಟಿಮೀಟರ್ ಅಗಲ. ಬೈಂಡಿಂಗ್ ಕಡೆ 3, ಇನ್ನೊಂದು ಕಡೆ 2 ಬಿಟ್ಟರೆ ಟೇಬಲ್‌ಗೆ ಉಳಿಯೋದು 16 ಸೆಂಟಿಮೀಟರ್. ಸದಸ್ಯರ ಪಟ್ಟಿಯಲ್ಲಿ ಆರು ಕಾಲಂ: ಕ್ರಮ ಸಂಖ್ಯೆ 1.2, ಹೆಸರು 5.6, ಮನೆ ನಂಬರ್ 2, ಚಂದಾ 2.4, ಯುಪಿಐ ನಂಬರ್ (ದುಡ್ಡು ಕಳಿಸಿದಾಗ ಸಿಗುವ ವಹಿವಾಟಿನ ನಂಬರ್) 2.4, ಬಾಕಿ 2.4. ಕೂಡಿಸಿದರೆ ಸರಿಯಾಗಿ 16.

ಎಕ್ಸೆಲ್‌ನಲ್ಲಿ ಆಲ್ಟ್ ಮತ್ತು ಎಫ್11 ಒತ್ತಿ ಎಡಿಟರ್ ತೆರೆದೆ. ಟೂಲ್ಸ್‌ನ ರೆಫರೆನ್ಸಸ್‌ನಲ್ಲಿ ವರ್ಡ್ 16.0 ಆಬ್ಜೆಕ್ಟ್ ಲೈಬ್ರರಿಗೆ (ವರ್ಡ್‌ನ ಆಜ್ಞೆಗಳನ್ನು ಎಕ್ಸೆಲ್‌ಗೆ ಪರಿಚಯಿಸುವ ಪಟ್ಟಿ) ಟಿಕ್ ಹಾಕಿದೆ. ಮೊದಲ ಮ್ಯಾಕ್ರೋ ಮಾಡಿದ್ದು ಇಷ್ಟೇ: ರೇಂಜ್ (ಬೇಕಾದ ಸೆಲ್‌ಗಳ ಗುಂಪು) ಕಾಪಿ ಮಾಡು, ವರ್ಡ್‌ನಲ್ಲಿ ಪೇಸ್ಟ್ ಮಾಡು, ಎಕ್ಸೆಲ್‌ನ ಕಾಲಂ ಅಗಲವನ್ನೇ ವರ್ಡ್ ಕಾಲಂಗೂ ಕೊಡು.

ರನ್ ಮಾಡಿದೆ. ಹೆಸರಿನ ಕಾಲಂ ಹಗ್ಗದ ಹಾಗೆ ಸಣ್ಣಗಾಗಿ, ಒಂದೊಂದು ಅಕ್ಷರ ಒಂದೊಂದು ಸಾಲಿಗೆ ಬಂತು. 'ರಾಮಚಂದ್ರಯ್ಯ' ಮೇಲಿಂದ ಕೆಳಕ್ಕೆ ಐದು ಮೆಟ್ಟಿಲು ಇಳಿದಿದ್ದರು.

ತಪ್ಪು ನಂದೇ. ಎಕ್ಸೆಲ್‌ನ 'ಕಾಲಂ ವಿಡ್ತ್' ಅನ್ನೋದು ಅಕ್ಷರಗಳ ಲೆಕ್ಕ. ಮಾಮೂಲಿ ಫಾಂಟಿನ ಸೊನ್ನೆ ಎಷ್ಟು ಹಿಡಿಸುತ್ತದೆ ಅಂತ. ಹೊಸ ಶೀಟ್ ತೆರೆದರೆ ಸಾಮಾನ್ಯವಾಗಿ ಕಾಣುವ 8.43 ಇದೇ ಲೆಕ್ಕದ್ದು (ಮಾಮೂಲಿ ಫಾಂಟ್ ಬೇರೆ ಇದ್ದರೆ ಇದೂ ಬೇರೆಯಾಗಬಹುದು). ವರ್ಡ್ ಕೇಳೋದು ಪಾಯಿಂಟ್, ಅಂದರೆ ಇಂಚಿಗೆ 72. ನಾನು 28 ಅಂತ ಕೊಟ್ಟದ್ದನ್ನು ಅದು 28 ಪಾಯಿಂಟ್ ಅಂತ ಓದಿಕೊಂಡಿತು. ಅದು ಸುಮಾರು ಒಂದು ಸೆಂಟಿಮೀಟರ್. ಅದರಲ್ಲೂ ಎಡ ಬಲ 0.19 ಸೆಂಟಿಮೀಟರ್ ಸೆಲ್‌ನ ಒಳ ಅಂಚಿಗೆ ಹೋಯಿತು.

ಆಗಸ್ಟ್ 5, ಮಂಗಳವಾರ ರಾತ್ರಿ

ಎಕ್ಸೆಲ್‌ನಲ್ಲಿ ಪಾಯಿಂಟ್‌ನಲ್ಲೇ ಅಗಲ ಹೇಳುವ 'ವಿಡ್ತ್' ಇದೆ, ಅದನ್ನು ಓದಿ ಕೊಟ್ಟೆ. ಈ ಸಲ ಟೇಬಲ್ 612 ಪಾಯಿಂಟ್, ಅಂದರೆ 21.6 ಸೆಂಟಿಮೀಟರ್. ಹಾಳೆಗಿಂತ ಟೇಬಲ್ ಅಗಲ. ಬಾಕಿ ಕಾಲಂ ಹಾಳೆ ದಾಟಿ ಹೊರಗೆ ಹೋಗಿತ್ತು. (ಬಾಕಿ ಇಟ್ಟುಕೊಂಡವರಿಗೆ ಖುಷಿಯಾಗುತ್ತಿತ್ತು.)

ಆಗ ಹೊಳೆಯಿತು. ಖಜಾಂಚಿ ಮೇಡಂ ಎಕ್ಸೆಲ್‌ನಲ್ಲಿ ಕಾಲಂ ಎಳೆಯೋದು ಸ್ಕ್ರೀನ್‌ನಲ್ಲಿ ಓದೋಕೆ. ಅದಕ್ಕೂ ಹಾಳೆಗೂ ಸಂಬಂಧವೇ ಇಲ್ಲ. ಹಾಗಾಗಿ 'ಅಳತೆ' ಅಂತ ಬೇರೆ ಶೀಟ್ ಮಾಡಿದೆ. ಒಂದು ಟೇಬಲ್‌ಗೆ ಒಂದು ಸಾಲು. ಟೇಬಲ್ ಹೆಸರು, ಯಾವ ಶೀಟು, ಎಷ್ಟು ಕಾಲಂ, ಒಂದೊಂದು ಕಾಲಂ ಎಷ್ಟು ಸೆಂಟಿಮೀಟರ್, ಎಡಕ್ಕೋ ಬಲಕ್ಕೋ. ಕೊನೆಯಲ್ಲಿ ಮೊತ್ತ. ಮೊತ್ತ 16 ಮೀರಿದರೆ ಸೆಲ್ ಕೆಂಪಾಗುತ್ತದೆ. ಮ್ಯಾಕ್ರೋ ಇದನ್ನು ಓದಿ 28.35ರಿಂದ ಗುಣಿಸಿ ವರ್ಡ್‌ಗೆ ಕೊಡುತ್ತದೆ. ಇಡೀ ಕೆಲಸದಲ್ಲಿ ನಾನು ತಗೊಂಡ ಒಳ್ಳೇ ನಿರ್ಧಾರ ಇದೊಂದೇ ಅಂದರೂ ತಪ್ಪಿಲ್ಲ. ಇದು ಆದ ಮೇಲೆ ಅಗಲ ಬದಲಾಯಿಸೋಕೆ ಕೋಡ್ ಮುಟ್ಟಲೇ ಇಲ್ಲ.

ಆದರೂ ಆ ರಾತ್ರಿ ಅಗಲ ನಿಲ್ಲಲಿಲ್ಲ. 2.4 ಅಂತ ಹೇಳಿದರೂ ಯುಪಿಐ ಕಾಲಂ ಹಿಗ್ಗುತ್ತಿತ್ತು, ಹೆಸರಿನದು ಕುಗ್ಗುತ್ತಿತ್ತು. ಯುಪಿಐ ನಂಬರ್ 12 ಅಂಕಿ, ನಡುವೆ ಜಾಗ ಇಲ್ಲ. ಪೇಸ್ಟ್ ಮಾಡಿದ ಟೇಬಲ್‌ನಲ್ಲಿ ಆಟೋಫಿಟ್ ಆನ್ ಇರುವುದರಿಂದ, ಮುರಿಯದ ಪದ ಬಂದರೆ ವರ್ಡ್ ತಾನೇ ಕಾಲಂ ಅಗಲ ಮಾಡಿಬಿಡುತ್ತದೆ. 'ಅಲೋ ಆಟೋಫಿಟ್' ಅನ್ನು ಫಾಲ್ಸ್ ಮಾಡಿದೆ. ಅಗಲ ಕೊಟ್ಟ ಮೇಲೆ ಮಾಡಿದರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಅದು ಹಿಗ್ಗಿರುತ್ತದೆ. ಮೊದಲು ಆಟೋಫಿಟ್ ಆಫ್, ಆಮೇಲೆ ಅಗಲ.

ಈಗ ಕಾಲಂ ನಿಂತಿತು, ಆದರೆ ನಂಬರಿನ ಕೊನೇ ಅಂಕಿ ಕೆಳಗಿನ ಸಾಲಿಗೆ ಬಿತ್ತು. ಅಳತೆ ಶೀಟಿನಲ್ಲಿ ಹೆಸರಿಗೆ 5.2, ಯುಪಿಐಗೆ 2.8 ಮಾಡಿದೆ. ಕೂತಿತು. ಈ ನಂಬರ್ ಪುಸ್ತಕದಲ್ಲಿ ಯಾಕೆ ಬೇಕು ಅಂತ ಕೇಳಿದ್ದಕ್ಕೆ ಮೇಡಂ, "ಕೊಟ್ಟವರು ನಾಳೆ ಬಂದು ಕೊಟ್ಟಿದ್ದೀನಿ ಅಂತ ಜಗಳ ಆಡಬಾರದಲ್ವಾ" ಅಂದರು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಪೂಜೆ ಮುಗಿಸಿ, ಒಬ್ಬಟ್ಟು ತಿಂದು, ನಿದ್ದೆ ಬರೋದರೊಳಗೆ ಒಂದು ಗಂಟೆ ಸಿಕ್ಕಿತು.

ಪೇಸ್ಟ್ ಮಾಡೋದನ್ನೇ ಬಿಟ್ಟೆ. ಪೇಸ್ಟ್ ಮಾಡಿದರೆ ಎಕ್ಸೆಲ್‌ನ ಬಣ್ಣ, ಗೆರೆ, ಫಾಂಟ್ ಎಲ್ಲ ಜೊತೆಗೇ ಬರುತ್ತದೆ. ನಡುವೆ ನಾನು ಬೇರೇನಾದರೂ ಕಾಪಿ ಮಾಡಿದರೆ ಅದೂ ಬಂದು ಕೂರುತ್ತದೆ. ಒಂದು ಸಲ ಜಮಾ-ಖರ್ಚಿನ ಜಾಗದಲ್ಲಿ ವಾಟ್ಸಾಪ್‌ನ ಹಬ್ಬದ ಶುಭಾಶಯ ಬಂದಿತ್ತು. ಇನ್ನು ಮೇಲೆ ಎಕ್ಸೆಲ್‌ನಿಂದ ಅಕ್ಷರ ಮಾತ್ರ ಓದೋದು, ಟೇಬಲ್ ಅನ್ನು ವರ್ಡ್‌ನಲ್ಲೇ ಹೊಸದಾಗಿ ಕಟ್ಟೋದು.

ಸೆಲ್‌ನ 'ವ್ಯಾಲ್ಯೂ' ಓದಿದರೆ ಕಾಮಾ ಇಲ್ಲದ ಬರೀ ಅಂಕಿ. 'ಟೆಕ್ಸ್ಟ್' ಓದಿದರೆ ಸ್ಕ್ರೀನ್‌ನಲ್ಲಿ ಕಾಣೋ ಹಾಗೇ ಬರುತ್ತದೆ. ಟೆಕ್ಸ್ಟ್ ಒಳ್ಳೇದು ಅಂದುಕೊಂಡೆ. ಅದು ನಿಜಕ್ಕೂ ಕಾಣೋ ಹಾಗೇ ತಂದಿತು! ಎಕ್ಸೆಲ್‌ನಲ್ಲಿ ಕಾಲಂ ಸಣ್ಣದಿದ್ದ ಕಡೆಯೆಲ್ಲ ##### ಅಂತಲೇ ವರ್ಡ್‌ಗೆ ಬಂತು. ಯುಪಿಐ ನಂಬರ್ 5.21 ಆದಮೇಲೆ ಒಂದು ಇ, ಪ್ಲಸ್ 11 ಅಂತ ಬಂತು. ಜನರಲ್ ಫಾರ್ಮ್ಯಾಟ್‌ನಲ್ಲಿ 11 ಅಂಕಿವರೆಗೆ ಸರಿ, 12 ಆದರೆ ಎಕ್ಸೆಲ್ ಹೀಗೆ ತೋರಿಸುತ್ತದೆ. ಎರಡು ರಿಪೇರಿ: ಓದುವ ಮುಂಚೆ ಮ್ಯಾಕ್ರೋನೇ ಎಕ್ಸೆಲ್ ಕಾಲಂಗಳನ್ನು ಆಟೋಫಿಟ್ ಮಾಡಿಕೊಳ್ಳುತ್ತದೆ, ಮತ್ತು ಯುಪಿಐ ಕಾಲಂ ಟೆಕ್ಸ್ಟ್ ಫಾರ್ಮ್ಯಾಟ್. ಸೊನ್ನೆಯಿಂದ ಶುರುವಾಗಿದ್ದ ನಂಬರ್‌ಗಳು ಆಗಲೇ ಸೊನ್ನೆ ಕಳಕೊಂಡಿದ್ದವು. 9 ನಂಬರ್‌ಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಮತ್ತೆ ಟೈಪ್ ಮಾಡಿದೆ.

ಆಗಸ್ಟ್ 10, ಭಾನುವಾರ

ಹಾಲ್‌ನಲ್ಲಿ ಟೀವಿಯಲ್ಲಿ ಹಳದಿ ಮಾರ್ಗದ ಮೆಟ್ರೋ ಉದ್ಘಾಟನೆ ಬರುತ್ತಿತ್ತು. ಇಲ್ಲಿ ನನ್ನ ಸದಸ್ಯರ ಪಟ್ಟಿ ಹಳೇ ಪ್ಯಾಸೆಂಜರ್ ರೈಲಿನ ಹಾಗೆ ಹೊರಟಿತ್ತು. 286 ಸದಸ್ಯರು, ಆರು ಕಾಲಂ. ಅಂದರೆ 1,716 ಸೆಲ್. ಒಂದೊಂದಾಗಿ ಬರೆಯೋಕೆ 4 ನಿಮಿಷ 10 ಸೆಕೆಂಡ್. ಕಣ್ಣೆದುರೇ ಒಂದೊಂದು ಸೆಲ್ ತುಂಬೋದು ನೋಡೋಕೆ ಚೆಂದ, ಅಷ್ಟೇ.

ದಾರಿ ಬದಲಾಯಿಸಿದೆ. ಇಡೀ ಪಟ್ಟಿಯನ್ನು ಒಂದೇ ಉದ್ದ ಅಕ್ಷರಮಾಲೆ ಮಾಡಿ, ಕಾಲಂ ನಡುವೆ ಟ್ಯಾಬ್, ಸಾಲಿನ ಕೊನೆಗೆ ಎಂಟರ್ ಹಾಕಿ ವರ್ಡ್‌ಗೆ ಒಂದೇ ಸಲ ಸುರಿದೆ. ಆಮೇಲೆ 'ಕನ್ವರ್ಟ್ ಟು ಟೇಬಲ್'. 6 ಸೆಕೆಂಡ್. ನಂಬೋಕಾಗದೆ ಮೂರು ಸಲ ಓಡಿಸಿದೆ.

ಆದರೆ ಶೀರ್ಷಿಕೆ ಸೇರಿ 287 ಸಾಲು ಇರಬೇಕಾದ ಕಡೆ 291 ಇತ್ತು. ನಾಲ್ಕು ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಒಂದೇ ಸೆಲ್‌ನಲ್ಲಿ ಆಲ್ಟ್-ಎಂಟರ್ ಒತ್ತಿ ಕೆಳಗೆ ಮೇಲೆ ಬರೆದಿದ್ದರು. ಆ ಗುಪ್ತ ಎಂಟರ್ ಅನ್ನು ವರ್ಡ್ ಹೊಸ ಸಾಲು ಅಂದುಕೊಂಡಿತು. ಹೆಂಡತಿಯರೆಲ್ಲ ಕ್ರಮ ಸಂಖ್ಯೆ ಕಾಲಂಗೆ ಬಂದು ಕೂತಿದ್ದರು. ಎಕ್ಸೆಲ್‌ನ 10ನೇ ಸಂಖ್ಯೆಯ ಅಕ್ಷರವನ್ನು 11ನೇದಕ್ಕೆ ಬದಲಾಯಿಸಿದರೆ ಸರಿ. ವರ್ಡ್‌ಗೆ 11 ಅಂದರೆ ಅದೇ ಪ್ಯಾರಾದೊಳಗೆ ಕೆಳಗಿನ ಸಾಲು.

ಆಗಸ್ಟ್ 12

ಕೆಲಸ ಏನೂ ಆಗಲಿಲ್ಲ. ಫೈಲ್ ತೆರೆದರೆ 'ಬೇರೆಯವರು ತಿದ್ದುತ್ತಿದ್ದಾರೆ, ಓದಲು ಮಾತ್ರ' ಅಂತ ಬರುತ್ತಿತ್ತು. ಆ ಬೇರೆಯವರು ನಾನೇ. ಮ್ಯಾಕ್ರೋ ನಡುವೆ ಕೆಟ್ಟಾಗಲೆಲ್ಲ, ಕಾಣದ ಹಾಗೆ ತೆರೆದಿದ್ದ ವರ್ಡ್ ಹಿಂದೆಯೇ ಉಳಿದಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಆರು ವರ್ಡ್ ಸಿಕ್ಕಿದವು. ಎಲ್ಲವನ್ನೂ ಮುಗಿಸಿದೆ. ಪ್ರಯೋಗ ಮುಗಿಯೋವರೆಗೆ 'ವಿಸಿಬಲ್' ಟ್ರೂ ಇರಲಿ ಅಂತ ಬಿಟ್ಟೆ. ಎರರ್ ಬಂದರೆ ವರ್ಡ್ ಮುಚ್ಚಿಯೇ ಹೊರಗೆ ಬರುವ ಹಾಗೆ ಕೊನೆಯಲ್ಲಿ ನಾಲ್ಕು ಸಾಲು ಸೇರಿಸಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಆಗಸ್ಟ್ 15, ಶುಕ್ರವಾರ

ಬೆಳಿಗ್ಗೆ ಪಾರ್ಕ್‌ನಲ್ಲಿ ಧ್ವಜಾರೋಹಣ, ಲಾಡು ಹಂಚಿಕೆ. ಆಮೇಲೆ ಸಂಘದ ಆಫೀಸಿನಲ್ಲಿ ಮೇಷ್ಟ್ರ ಮುಂದೆ ಪ್ರದರ್ಶನ. ಪೆನ್ ಡ್ರೈವ್‌ನಿಂದ ಫೈಲ್ ಹಾಕಿ ಬಟನ್ ಒತ್ತಿದೆ. ಕಂಪೈಲ್ ಎರರ್. ರೆಫರೆನ್ಸಸ್ ತೆರೆದರೆ 'ಮಿಸ್ಸಿಂಗ್' ಅಂತ ಇದೆ. ನಾನು ಟಿಕ್ ಹಾಕಿದ್ದು 16.0, ಅಲ್ಲಿರೋದು ಆಫೀಸ್ 2010ರ 14.0.

"ಏನಪ್ಪಾ, ಮನೇಲಿ ಓಡ್ತಿತ್ತು ಅಂದೆ?"

"ಮನೇಲಿ ಓಡ್ತಿತ್ತು ಮೇಷ್ಟ್ರೇ."

"ಹಂಗಾದ್ರೆ ಸಭೆನೂ ನಿಮ್ಮನೇಲೇ ಇಟ್ಕೊಳ್ಳೋಣ ಬಿಡು."

ರೆಫರೆನ್ಸ್ ತೆಗೆದುಹಾಕಿ, ವರ್ಡ್ ಅನ್ನು 'ಕ್ರಿಯೇಟ್ ಆಬ್ಜೆಕ್ಟ್' ಮೂಲಕ ಎಬ್ಬಿಸಿದೆ. ಹೀಗಾದರೆ ಯಾವ ವರ್ಷನ್ ಇದ್ದರೂ ನಡೆಯುತ್ತದೆ. ಈ ಸಲ ಓಡಿತು, ಎರರ್ ಒಂದೂ ಇಲ್ಲ. ಆದರೆ ಬಲಕ್ಕಿರಬೇಕಾದ ಮೊತ್ತಗಳೆಲ್ಲ ಎಡಕ್ಕೆ ಅಂಟಿಕೊಂಡಿವೆ. ಸಾಲಿನ ಎತ್ತರವೂ ನಾನು ಹೇಳಿದ್ದಲ್ಲ.

ಇದರ ಮೇಲೆ ಒಂದೂವರೆ ಗಂಟೆ ಹೋಯಿತು. ಲಾಡೂ ಖಾಲಿಯಾಯಿತು. ಕಾರಣ ತೀರಾ ಸಣ್ಣದು. ವರ್ಡ್‌ನ ಹೆಸರುಗಳು (ಬಲಕ್ಕೆ ಜೋಡಿಸು, ಕನಿಷ್ಠ ಎತ್ತರ ಇತ್ಯಾದಿ) ಆ ರೆಫರೆನ್ಸ್ ಒಳಗೆ ಇರೋವು. ರೆಫರೆನ್ಸ್ ಹೋದ ಮೇಲೆ ಎಕ್ಸೆಲ್‌ಗೆ ಅವು ಏನೂ ಅಲ್ಲ. ಹೊಸ ಖಾಲಿ ವೇರಿಯಬಲ್ (ಬೆಲೆ ತುಂಬಿಡುವ ಹೆಸರು) ಅಂತ ತಿಳಿದು ಸೊನ್ನೆ ಕೊಟ್ಟಿತು. ವರ್ಡ್‌ನಲ್ಲಿ ಸೊನ್ನೆ ಅಂದರೆ ಎಡಕ್ಕೆ. ಎತ್ತರಕ್ಕೆ ಸೊನ್ನೆ ಅಂದರೆ ನಿನ್ನಿಷ್ಟ. ಮಾಡ್ಯೂಲಿನ ತಲೆಗೆ 'ಆಪ್ಷನ್ ಎಕ್ಸ್‌ಪ್ಲಿಸಿಟ್' (ಮೊದಲೇ ಹೇಳದ ಹೆಸರನ್ನು ಒಪ್ಪಬೇಡ ಅನ್ನುವ ಆಜ್ಞೆ) ಹಾಕಿದ್ದರೆ ಮೊದಲ ಸಾಲಿನಲ್ಲೇ ಹಿಡಿದು ನಿಲ್ಲಿಸುತ್ತಿತ್ತು. ನಾನು ಹಾಕಿರಲಿಲ್ಲ. ಈಗ ಹಾಕಿದೆ, ಮತ್ತು ಸಂಖ್ಯೆಗಳನ್ನು ನಾನೇ ಬರೆದುಕೊಂಡೆ: ಪ್ಯಾರಾ ಮಧ್ಯಕ್ಕೆ 1, ಬಲಕ್ಕೆ 2. ಸಾಲಿನ ಎತ್ತರ 'ಕನಿಷ್ಠ ಇಷ್ಟು' ಅನ್ನೋಕೆ 1, 'ಸರಿಯಾಗಿ ಇಷ್ಟೇ' ಅನ್ನೋಕೆ 2. ಟ್ಯಾಬ್‌ನಿಂದ ಬೇರ್ಪಡಿಸು ಅನ್ನೋದು 1.

ಅದೇ ಡೆಸ್ಕ್‌ಟಾಪ್‌ನಲ್ಲಿ ಇನ್ನೊಂದು. ನನ್ನ ಲ್ಯಾಪ್‌ಟಾಪ್‌ನಲ್ಲಿ 12,45,600 ಅಂತ ಇದ್ದದ್ದು ಅಲ್ಲಿ 1,245,600. ಅದರ ರೀಜನ್ ಅಮೆರಿಕ ಅಂತ ಸೆಟ್ ಆಗಿತ್ತು. ಎಕ್ಸೆಲ್ ಕಾಮಾ ಹಾಕೋದು ವಿಂಡೋಸ್ ಹೇಳಿದ ಹಾಗೆ. ಯಾವ ಯಂತ್ರದಲ್ಲೂ ಲಕ್ಷದ ಲೆಕ್ಕ ಬರಲಿ ಅಂತ ಮೊತ್ತದ ಕಾಲಂಗಳಿಗೆ ಈ ಫಾರ್ಮ್ಯಾಟ್ ಕೊಟ್ಟೆ:

[>=10000000]##\,##\,##\,##0;[>=100000]##\,##\,##0;##,##0

ಮೈನಸ್ ಮೊತ್ತಕ್ಕೆ ಇದು ನಡೆಯಲ್ಲ, ಮೂರನೇ ಭಾಗಕ್ಕೆ ಬಿದ್ದುಬಿಡುತ್ತದೆ. ನಮ್ಮ ಪುಸ್ತಕದಲ್ಲಿ ಲಕ್ಷ ದಾಟಿದ ಮೈನಸ್ ಇಲ್ಲ, ದೇವರ ದಯೆ.

ಸಂಜೆ ಮೇಷ್ಟ್ರು ಫೈಲನ್ನು ಇಮೇಲ್ ಮಾಡಿದರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಕೆಂಪು ಪಟ್ಟಿ ಬಂದು ಮ್ಯಾಕ್ರೋ ಬಂದ್. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ಹೀಗೆ ತಡೆಯುತ್ತದೆ. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ 'ಅನ್‌ಬ್ಲಾಕ್' ಟಿಕ್. ಗೊತ್ತಿರುವವರ ಫೈಲಿಗೆ ಮಾತ್ರ ಹೀಗೆ ಮಾಡಿ.

ಆಗಸ್ಟ್ 17, ಭಾನುವಾರ: ಮೊದಲ ಪ್ರೂಫ್

38 ಪುಟ, 76 ರೂಪಾಯಿ. ಪೂರ್ತಿ ದಂಡ.

ಒಂದು. ಮ್ಯಾಕ್ರೋಗೆ ಟೇಬಲ್ ಗುರುತು ಹೇಳಿದ್ದು ಸಂಖ್ಯೆಯಿಂದ: ಏಳನೇ ಟೇಬಲ್ ಬೋರ್‌ವೆಲ್ ಖರ್ಚು, ಎಂಟನೇದು ಸದಸ್ಯರು, ಹೀಗೆ. ಶನಿವಾರ ರಾತ್ರಿ ಮೇಷ್ಟ್ರು ಮೂರನೇ ಪುಟದಲ್ಲಿ 'ನಮ್ಮನ್ನು ಅಗಲಿದವರು' ಅಂತ ಒಂದು ಚಿಕ್ಕ ಟೇಬಲ್ ಸೇರಿಸಿದ್ದರು. ಅಲ್ಲಿಂದ ಮುಂದಕ್ಕೆ ಎಲ್ಲ ಒಂದೊಂದು ಮನೆ ಸರಿದವು. ಸದಸ್ಯರ ಅಗಲ ಬೋರ್‌ವೆಲ್‌ಗೆ, ಜಮಾ-ಖರ್ಚಿನದ್ದು ಸದಸ್ಯರಿಗೆ. ಸಂಖ್ಯೆ ನಂಬಬಾರದು. ಪ್ರತಿ ಟೇಬಲ್‌ಗೂ ಬುಕ್‌ಮಾರ್ಕ್ (ವರ್ಡ್‌ನಲ್ಲಿ ಒಂದು ಜಾಗಕ್ಕೆ ಇಡುವ ಹೆಸರು) ಹಾಕಿ, ಆ ಹೆಸರನ್ನೇ ಅಳತೆ ಶೀಟಿನಲ್ಲಿ ಬರೆದೆ. ಮೇಷ್ಟ್ರ ಆ ಚಿಕ್ಕ ಟೇಬಲ್ ಅವರ ಕೈಯಲ್ಲೇ ಇರಲಿ ಅಂತ ಬಿಟ್ಟೆ.

ಎರಡು. ಸಾಲುಗಳು ದಪ್ಪ ಆಗುತ್ತಿವೆ ಅಂತ ಪುಟ ಉಳಿಸೋಕೆ ಲೈನ್ ಸ್ಪೇಸಿಂಗ್ ಅನ್ನು 'ಸರಿಯಾಗಿ 11 ಪಾಯಿಂಟ್' ಮಾಡಿದ್ದೆ, ಅಕ್ಷರವೂ 11 ಪಾಯಿಂಟ್. ಸ್ಕ್ರೀನ್‌ನಲ್ಲಿ ಝೂಮ್ ಕಡಿಮೆ ಇತ್ತು, ಗೊತ್ತಾಗಲಿಲ್ಲ. ಕಾಗದದ ಮೇಲೆ ನೋಡಿದರೆ ಒತ್ತಕ್ಷರಗಳೆಲ್ಲ ಅರ್ಧಕ್ಕೆ ಕತ್ತರಿಸಿ ಹೋಗಿವೆ. 'ಕೃಷ್ಣಪ್ಪ'ನವರ ಷಕಾರದ ಕೆಳಗೆ ಣಕಾರದ ತಲೆ ಮಾತ್ರ ಇಣುಕುತ್ತಿದೆ, ಪಕಾರದ ಒತ್ತು ಒಂದು ಗೀರಾಗಿದೆ. 'ಲಕ್ಷ್ಮಮ್ಮ' ಅವರಿಗಂತೂ ಎರಡಂತಸ್ತು ಒತ್ತು, ಕೆಳಗಿನ ಅಂತಸ್ತು ಪೂರ್ತಿ ಮಾಯ. ಖಜಾಂಚಿ ಮೇಡಂ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, "ನನ್ನ ಕಾಲೇ ಕತ್ತರಿಸಿದ್ದೀರಲ್ರೀ" ಅಂದರು.

ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಎತ್ತರ ಕನ್ನಡಕ್ಕೆ ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ಲೈನ್ ಸ್ಪೇಸಿಂಗ್ ಅನ್ನು ಸಿಂಗಲ್‌ಗೆ ತಂದೆ. ಸಾಲು ದಪ್ಪ ಆಗುತ್ತಿದ್ದ ನಿಜವಾದ ಕಾರಣ ಬೇರೆಯೇ ಇತ್ತು: ನಾರ್ಮಲ್ ಸ್ಟೈಲ್‌ನಲ್ಲಿ ಪ್ಯಾರಾ ಆದಮೇಲೆ 8 ಪಾಯಿಂಟ್ ಖಾಲಿ ಜಾಗ. ಅದನ್ನು ಸೊನ್ನೆ ಮಾಡಿದೆ. ಸಾಲಿನ ಎತ್ತರ 'ಕನಿಷ್ಠ' 0.7 ಸೆಂಟಿಮೀಟರ್. ಈಗ ಪುಟಕ್ಕೆ 35 ಸಾಲು, ಪಟ್ಟಿ 9 ಪುಟದಲ್ಲಿ ಮುಗಿಯುತ್ತದೆ, ಯಾರ ಕಾಲೂ ಹೋಗಲ್ಲ. 'ಸರಿಯಾಗಿ ಇಷ್ಟೇ' ಅನ್ನುವ ಆಯ್ಕೆಯನ್ನು ಕನ್ನಡದ ಟೇಬಲ್‌ನಲ್ಲಿ ಮುಟ್ಟಲೇಬೇಡಿ.

ಮೂರು. ಅಕ್ಷರದ ಗಾತ್ರ 10 ಮಾಡು ಅಂದರೆ ಅಂಕಿಗಳು ಮಾತ್ರ ಚಿಕ್ಕದಾದವು, ಕನ್ನಡ ಹಾಗೇ ಉಳಿಯಿತು. ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ (ಅಕ್ಷರಗಳು ಒಂದಕ್ಕೊಂದು ಕೂಡಿ ರೂಪ ಬದಲಾಗುವ ಲಿಪಿ) ಸಾಲಿಗೆ ಸೇರಿಸುತ್ತದೆ. ಅದಕ್ಕೆ ಬೇರೆ ಹೆಸರು: 'ಸೈಜ್ ಬಿಐ', 'ನೇಮ್ ಬಿಐ', 'ಬೋಲ್ಡ್ ಬಿಐ'. ಸೈಜ್ ಹೇಳಿದ ಕಡೆಯೆಲ್ಲ ಸೈಜ್ ಬಿಐ ಕೂಡ ಹೇಳಬೇಕು. ಎರಡನ್ನೂ ಒಂದು ಸಣ್ಣ ಸಬ್ (ಮ್ಯಾಕ್ರೋದ ಬೇರೆ ತುಂಡು) ಒಳಗೆ ಹಾಕಿ ಮರೆತೆ.

ಆಗಸ್ಟ್ 19

ಕೊನೇ ಸಾಲಿಗೆ 'ಒಟ್ಟು' ಅಂತ ಸೇರಿಸೋಕೆ ಎಡಿಟರ್‌ನಲ್ಲೇ ಕನ್ನಡದಲ್ಲಿ ಟೈಪ್ ಮಾಡಿದೆ. ಐದು ಪ್ರಶ್ನಾರ್ಥಕ ಚಿಹ್ನೆ ಬಂದವು. ಆ ಎಡಿಟರ್‌ಗೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಗೊತ್ತೇ ಇಲ್ಲ. ಒಂದೊಂದು ಅಕ್ಷರದ ಸಂಖ್ಯೆ ಕೊಟ್ಟು ಜೋಡಿಸಬಹುದು. ಕ ಅಂದರೆ 3221, ಹೀಗೆ. ಒಂದು ಪದಕ್ಕೆ ಐದು ಸಂಖ್ಯೆ ಬರೆಯೋ ತಾಳ್ಮೆ ನನಗಿಲ್ಲ. 'ಪದಗಳು' ಅಂತ ಶೀಟ್ ಮಾಡಿ, ಬೇಕಾದ ಕನ್ನಡವನ್ನೆಲ್ಲ ಅಲ್ಲಿಟ್ಟು ಮ್ಯಾಕ್ರೋ ಅಲ್ಲಿಂದ ಓದುವ ಹಾಗೆ ಮಾಡಿದೆ. ಮೇಷ್ಟ್ರಿಗೂ ಅನುಕೂಲ ಆಯಿತು. 'ಟೋಟಲ್' ಇದ್ದದ್ದನ್ನು ಅವರೇ ಹೋಗಿ 'ಒಟ್ಟು ಮೊತ್ತ' ಮಾಡಿದರು.

ಆಗಸ್ಟ್ 20, 21

ನೀರಿನ ಟೇಬಲ್. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟದ್ದು ಇದೇ. 2024ರ ಬೇಸಿಗೆ ಬೆಂಗಳೂರಿನಲ್ಲಿದ್ದವರಿಗೆ ಮರೆಯೋದಿಲ್ಲ. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟುಮಾಡಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600, 8,000ಕ್ಕೆ 700, 12,000ಕ್ಕೆ 1,000 ರೂಪಾಯಿ. ನಮ್ಮ ಲೆಕ್ಕವೂ ಅದೇ ಪ್ರಕಾರ ಇರೋದರಿಂದ ಪ್ರತಿ ತಿಂಗಳಿಗೂ ಮೂರು ಸಾಲು. 12 ತಿಂಗಳಿಗೆ 36. ಮೇಷ್ಟ್ರಿಗೆ 'ಏಪ್ರಿಲ್' ಅನ್ನೋದು ಮೂರು ಸಾಲಿನ ನಡುವೆ ಒಂದೇ ಸಲ ಬರಬೇಕು. ಅಂದರೆ ಸೆಲ್ ಮರ್ಜ್.

ಮರ್ಜ್ ಮಾಡಿದ ತಕ್ಷಣ ಎರರ್ 5991: ಉದ್ದಕ್ಕೆ ಮರ್ಜ್ ಆದ ಸೆಲ್ ಇರುವ ಟೇಬಲ್‌ನಲ್ಲಿ ಒಂದೊಂದೇ ಸಾಲನ್ನು ಮುಟ್ಟೋಕಾಗಲ್ಲ. ಎತ್ತರ, ಶೀರ್ಷಿಕೆ ಸಾಲು, ಎಲ್ಲ ನಿಂತಿತು. ಒಟ್ಟು ಸಾಲಿನಲ್ಲಿ ಅಡ್ಡಕ್ಕೆ ಮರ್ಜ್ ಮಾಡಿದ್ದಕ್ಕೆ 5992, ಅದು ಕಾಲಂಗಳ ಗಲಾಟೆ. ಮೊದಲ ರಾತ್ರಿ ಇದನ್ನು ಸುತ್ತಿ ಬಳಸಿ ದಾಟೋಕೆ ಹೋಗಿ, ಸಾಲು ಬಿಟ್ಟು ಒಂದೊಂದು ಸೆಲ್‌ಗೇ ಎತ್ತರ ಕೊಡುವ ಕೋಡ್ ಬರೆದೆ. ಕೆಟ್ಟದಾಗಿತ್ತು, ಅಳಿಸಿದೆ.

ಮಾರನೇ ದಿನ ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಹೊಳೆದದ್ದು: ಕ್ರಮ ಬದಲಾಯಿಸಿದರೆ ಸಾಕು. ಅಗಲ, ಎತ್ತರ, ಜೋಡಣೆ, ಶೀರ್ಷಿಕೆ ಎಲ್ಲ ಮುಗಿಸಿ, ಮರ್ಜ್ ಕಟ್ಟಕಡೆಗೆ. ಆಮೇಲೆ ಆ ಟೇಬಲ್ ಮುಟ್ಟಲೇಬಾರದು.

ಆದರೆ ಎರಡನೇ ಸಲ ಓಡಿಸಿದಾಗ ಟೇಬಲ್ ಆಗಲೇ ಮರ್ಜ್ ಆಗಿರುತ್ತದಲ್ಲ? ಹಾಗಾಗಿ ಪ್ರತಿ ಸಲವೂ ಹಳೇ ಟೇಬಲ್ ಅಳಿಸಿ ಹೊಸದು ಕಟ್ಟೋದು ಅಂತಾಯಿತು. ಅಳಿಸಿದೆ. ಎರರ್ 5941, ಕೇಳಿದ್ದು ಇಲ್ಲ. ಟೇಬಲ್ ಜೊತೆ ಬುಕ್‌ಮಾರ್ಕ್ ಕೂಡ ಹೋಗಿತ್ತು. ಅಳಿಸುವ ಮುಂಚೆ ಜಾಗ ನೆನಪಿಟ್ಟುಕೊಂಡು, ಹೊಸ ಟೇಬಲ್ ಕಟ್ಟಿ, ಅದರ ಮೇಲೆ ಅದೇ ಹೆಸರಿನ ಬುಕ್‌ಮಾರ್ಕ್ ಮತ್ತೆ ಹಾಕಬೇಕು.

ಅದಾದ ಮೇಲೂ ಒಂದು. ಮಾರ್ಚ್ ತಿಂಗಳ ಕೊನೇ ಸೆಲ್‌ನಲ್ಲಿ '41,000ವಿದ್ಯುತ್ ಖರ್ಚು' ಅಂತ ಬಂತು. ಅಳಿಸಿದ ಜಾಗದಲ್ಲಿ ಖಾಲಿ ಪ್ಯಾರಾ ಇರಲಿಲ್ಲ, ಕೆಳಗಿನ ಶೀರ್ಷಿಕೆ ಬಂದು ಟೇಬಲ್ ಒಳಗೆ ನುಗ್ಗಿತ್ತು. ಸುರಿಯುವ ಅಕ್ಷರಮಾಲೆಗೂ ಶೀರ್ಷಿಕೆಗೂ ನಡುವೆ ಒಂದು ಎಂಟರ್ ಹಾಕಿ, ಟೇಬಲ್ ಮಾಡುವ ರೇಂಜ್ ಅದಕ್ಕಿಂತ ಮುಂಚೆಯೇ ನಿಲ್ಲಿಸಿದೆ. ರಾತ್ರಿ 12.40ಕ್ಕೆ ನೀರಿನ ಟೇಬಲ್ ಸರಿಯಾಗಿ ನಿಂತಿತು. ಎದ್ದು ಒಂದು ಲೋಟ ನೀರು ಕುಡಿದೆ.

ಆಗಸ್ಟ್ 24, ಭಾನುವಾರ: ಎರಡನೇ ಪ್ರೂಫ್

ಇನ್ನೊಂದು 76 ರೂಪಾಯಿ. ಅಗಲ ಎಲ್ಲ ಸ್ಕೇಲಿಗೆ ಸರಿ. ಉಳಿದದ್ದು ಎರಡು ವಿಷಯ.

ಸದಸ್ಯರ ಪಟ್ಟಿಯ ಶೀರ್ಷಿಕೆ ಸಾಲು ಪ್ರತಿ ಪುಟದಲ್ಲೂ ಬರಲಿ ಅಂತ 'ಹೆಡಿಂಗ್ ಫಾರ್ಮ್ಯಾಟ್' ಟ್ರೂ ಮಾಡಿದ್ದೆ. ಎಲ್ಲ ಟೇಬಲ್‌ನಲ್ಲೂ ಬಂತು, ಬೋರ್‌ವೆಲ್‌ನಲ್ಲಿ ಮಾತ್ರ ಇಲ್ಲ. ಅದರ ಸುತ್ತ ಅಕ್ಷರ ಹರಿಯಲಿ ಅಂತ ಯಾರೋ ಟೆಕ್ಸ್ಟ್ ರ‍್ಯಾಪಿಂಗ್ ಆನ್ ಮಾಡಿದ್ದರು (ಯಾರು ಅಂತ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ). ಅದು ಆನ್ ಇದ್ದರೆ ಶೀರ್ಷಿಕೆ ಮತ್ತೆ ಬರೋದಿಲ್ಲ. ಆಫ್ ಮಾಡಿದೆ. ಜೊತೆಗೆ ಸಾಲು ಎರಡು ಪುಟಕ್ಕೆ ಒಡೆಯಬಾರದು ಅನ್ನುವ ಆಜ್ಞೆಯನ್ನೂ ಸೇರಿಸಿದೆ.

ಇನ್ನೊಂದು, ಜಮಾ-ಖರ್ಚಿನ 'ಒಟ್ಟು ಮೊತ್ತ' ಒಂದೇ ಸಾಲು ಮುಂದಿನ ಪುಟಕ್ಕೆ ಹೋಗಿ ಅನಾಥವಾಗಿ ಕೂತಿತ್ತು. ಅದರ ಮೇಲಿನ ಮೂರು ಸಾಲಿಗೆ 'ಕೀಪ್ ವಿತ್ ನೆಕ್ಸ್ಟ್' ಕೊಟ್ಟೆ. ಈಗ ನಾಲ್ಕೂ ಒಟ್ಟಿಗೆ ಹೋಗುತ್ತವೆ.

ಸಂಜೆ ಖಜಾಂಚಿ ಮೇಡಂ ಫೋನ್. "ಒಂದು ಚಿಕ್ಕ ಬದಲಾವಣೆ ಇದೆ, ಬೇಜಾರಿಲ್ಲ ತಾನೆ?" ಎಕ್ಸೆಲ್‌ನಲ್ಲಿ ಬದಲಾಯಿಸಿ ಬಟನ್ ಒತ್ತಿ ಅಂದೆ. ಒತ್ತಿದರು. ಡೆಸ್ಕ್‌ಟಾಪ್‌ನಲ್ಲಿ 1 ನಿಮಿಷ 50 ಸೆಕೆಂಡ್, ನನ್ನ ಲ್ಯಾಪ್‌ಟಾಪ್‌ನಲ್ಲಾದರೆ 48 ಸೆಕೆಂಡ್. ಆ ರಾತ್ರಿ ಅವರು ಏಳು ಸಲ ಒತ್ತಿದ್ದಾರೆ. ನಾನು ಊಟ ಮಾಡಿ ಮಲಗಿದ್ದೆ.

ಬೆಳಿಗ್ಗೆ ಮೇಷ್ಟ್ರ ಫೋನ್. ಅವರು ವರ್ಡ್‌ನಲ್ಲಿ ನೀರಿನ ಟೇಬಲ್ ಒಳಗೆ, ಕೆಳಗಡೆ ಕೈಯಲ್ಲೇ ಸೇರಿಸಿದ್ದ ಒಂದು ಸಾಲಿನ ಟಿಪ್ಪಣಿ ಮಾಯ. ಮೇಡಂ ಬಟನ್ ಒತ್ತಿದಾಗ ಹಳೇ ಟೇಬಲ್ ಜೊತೆ ಅದೂ ಹೋಗಿದೆ. ಈ ಅಪಾಯ ನನಗೆ ಹೊಳೆದೇ ಇರಲಿಲ್ಲ. ಟಿಪ್ಪಣಿಗೆ ಅಳತೆ ಶೀಟಿನಲ್ಲಿ ಒಂದು ಕಾಲಂ ಕೊಟ್ಟೆ. ಟೇಬಲ್ ಒಳಗೆ ಏನು ಬರೀಬೇಕಿದ್ದರೂ ಎಕ್ಸೆಲ್‌ನಲ್ಲಿ ಬರೀರಿ ಮೇಷ್ಟ್ರೇ ಅಂತ ಕೈಮುಗಿದೆ. ಪ್ರತಿ ಸಲ ಓಡುವ ಮುಂಚೆ ವರ್ಡ್ ಫೈಲನ್ನು ದಿನಾಂಕ, ಸಮಯ ಸೇರಿಸಿ ಇನ್ನೊಂದು ಕಾಪಿ ಉಳಿಸುವ ಎರಡು ಸಾಲನ್ನೂ ಹಾಕಿದೆ.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ನಾಳೆ ಗಣೇಶ, ಪ್ರೆಸ್ ಬಾಗಿಲು ತೆಗೆಯಲ್ಲ. ಬೆಳಿಗ್ಗೆ ಎಂಟಕ್ಕೇ ಮೂರನೇ ಪ್ರೂಫ್ ತೆಗೆಸಿದೆ, ಸ್ಪೈರಲ್ ಹಾಕಿಸಿದೆ. ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದು ಒತ್ತನ್ನೂ ನೋಡಿದರು. ಎರಡು ಕಡೆ ಕಾಗುಣಿತ ತಿದ್ದಿದರು, ಎರಡೂ ನಾನು ಟೈಪ್ ಮಾಡಿದ್ದೇ. ಹತ್ತಕ್ಕೆ ಪ್ರೆಸ್‌ಗೆ ಹೋಯಿತು.

ಖರ್ಚು: ಮೂರು ಪ್ರೂಫ್ 228, ಸ್ಪೈರಲ್ 40, ಒಟ್ಟು 268 ರೂಪಾಯಿ. ಸಮಯ ಸುಮಾರು 26 ಗಂಟೆ. ಕೈಯಲ್ಲೇ ಮಾಡಿದ್ದರೆ ಇದಕ್ಕಿಂತ ಬೇಗ ಆಗುತ್ತಿತ್ತು ಅಂತ ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ಈ ವರ್ಷಕ್ಕೆ ಅದು ನಿಜ.

ಮೇಷ್ಟ್ರ ಆ ಚಿಕ್ಕ ಟೇಬಲ್ ಬಿಟ್ಟರೆ, 14ರಲ್ಲಿ 13 ಟೇಬಲ್ ಮ್ಯಾಕ್ರೋದ್ದು. ಉಳಿದದ್ದು ಪದಾಧಿಕಾರಿಗಳ ಫೋಟೋ ಪುಟ. ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಸೆಲ್ ಒಳಗೆ ಕೂರಿಸೋಕೆ ಹೋದರೆ ಒಬ್ಬರು ಅಡ್ಡಡ್ಡ ಹಿಗ್ಗುತ್ತಾರೆ, ಇನ್ನೊಬ್ಬರು ಉದ್ದಕ್ಕೆ ಬೆಳೀತಾರೆ. ಅದನ್ನು ಕೈಯಲ್ಲೇ, ಮೌಸ್ ಹಿಡಿದೇ ಮಾಡಿದೆ.